ಬಾಡಿಗೆಯ ಕೆಂಪು ಸಿಲಿಂಡರ್

ಇದನ್ನು ಓದಿ ನಿಮಗೆ ಖುಷಿಯಾಗುವುದಿಲ್ಲ... ಬರೆಯುವಾಗ ನನಗೂ ಹೇಸಿಗೆಯೇ ಆಯಿತು. ಆದರೂ ಓದಿ.

ಸರಕು ಲಾರಿ ಇಟ್ಟು ವ್ಯಾಪಾರ ಮಾಡಬೇಕಾದರೆ ಪರ್ಮಿಟ್ ಬೇಕು. ಜೊತೆಗೆ ಎಫ್‌ಸಿ ಬೇಕು. ಅಂದರೆ, ಈ ಗಾಡಿ ರಸ್ತೆಗಿಳಿಯಲು ಯೋಗ್ಯ ಎನ್ನುವ ಸರ್ಟಿಫಿಕೇಟು.

ಲಾರಿ ತಪಾಸಣೆ ನಡೆಯುವ ಮೈದಾನದ ಎದುರಿಗೇ ನನ್ನ ಅಂಗಡಿ. ನಮ್ಮ ಯಜಮಾನರು ತೀರಿಹೋದ ಮೇಲೆ ನಾನೇ ನಡೆಸುತ್ತಿದ್ದೆ.

ಏನು ವ್ಯಾಪಾರ ಅಂತೀರಾ? ಬಾಡಿಗೆ...

ಎರಡು ಹೊಸ ಟೈರು, ಒಂದು ಫಸ್ಟ್ ಏಡ್ ಡಬ್ಬಿ, ಬೆಂಕಿ ಆರಿಸುವ ಒಂದು ಕೆಂಪು ಸಿಲಿಂಡರ್. ಸವೆದ ಟೈರಿನ ಲಾರಿ ಬರುತ್ತಿತ್ತು, ನನ್ನ ಸಾಮಾನು ಹಾಕಿಕೊಂಡು ಮೈದಾನದೊಳಗೆ ಹೋಗುತ್ತಿತ್ತು, ಪಾಸಾಗಿ ಬಂದು ಎಲ್ಲ ಬಿಚ್ಚಿಕೊಡುತ್ತಿತ್ತು.

ನನ್ನ ಟೈರುಗಳು ನೂರಾರು ಲಾರಿ ಹತ್ತಿವೆ... ಒಂದು ದಿನವೂ ಊರ ಗಡಿ ದಾಟಿಲ್ಲ!

ಒಮ್ಮೆ ಹನ್ನೊಂದು ಲಾರಿಗಳ ಸಾಹುಕಾರರೊಬ್ಬರು ಬಂದರು. ಡ್ರೈವರ್ ಹೆಸರು ಮೌಲಾಲಿ. ಲಾರಿ ಪಾಸಾಯಿತು. ನಾನು ಸಿಲಿಂಡರ್ ಬಿಚ್ಚಲು ಕೈ ಹಾಕಿದೆ.

"ಸಾವ್ಕಾರ್ರೇ, ನಾಳೆ ಹತ್ತಿ ಲೋಡು... ಅದೊಂದಾದ್ರೂ ಇರ್ಲಿ," ಅಂದ ಮೌಲಾಲಿ.

"ಸರ್ಟಿಫಿಕೇಟ್ ಬಂತಲ್ಲೋ! ಬೆಂಕಿ ಬಿದ್ರೆ ಅದನ್ನೇ ತೋರ್ಸು, ಹೆದ್ರಿಕೊಂಡು ಆರ್ತದೆ!" ಅಂದರು ಸಾಹುಕಾರರು.

ಅಲ್ಲಿದ್ದವರೆಲ್ಲ ನಕ್ಕರು...

ನಾನೂ ನಕ್ಕೆ.

ಒಂಬತ್ತನೇ ದಿನ ಆ ಲಾರಿಗೆ ಬೆಂಕಿ ಬಿತ್ತು. ಎಂಜಿನ್ ಹತ್ತಿರ ಹಳೇ ವೈರು ಸುಟ್ಟು ಕಿಡಿ ಹಾರಿತಂತೆ. ಮೌಲಾಲಿ ಉರಿಯುವ ಹತ್ತಿ ಮೂಟೆಗಳನ್ನು ಬರಿಗೈಯಲ್ಲಿ ಎಳೆದು ಹಾಕಿದನಂತೆ...

ಮೂರು ತಿಂಗಳಾದ ಮೇಲೆ ಅದೇ ಸಾಹುಕಾರರು ಇನ್ನೊಂದು ಲಾರಿ ತಂದು ನನ್ನ ಅಂಗಡಿ ಮುಂದೆಯೇ ನಿಲ್ಲಿಸಿದರು. ಮುಖದಲ್ಲಿ ಒಂದು ಗೆರೆಯೂ ಬದಲಾಗಿರಲಿಲ್ಲ!

ಅಷ್ಟರಲ್ಲಿ ಮೌಲಾಲಿ ಬಂದ. ಎರಡೂ ಕೈಗೆ ಬಟ್ಟೆ ಸುತ್ತಿತ್ತು.

"ಅಮ್ಮಾ, ಗಾಡೀಲಿ ಸಿಲಿಂಡರ್ ಇತ್ತು, ಡ್ರೈವರ್‌ಗೇ ಬಳಸೋಕೆ ಬರ್ಲಿಲ್ಲ ಅಂತ ಸಾವ್ಕಾರ್ರು ಇನ್ಶೂರೆನ್ಸ್‌ನವ್ರಿಗೆ ಬರ್ಕೊಟ್ಟಿದಾರೆ. ತಪ್ಪು ನಂದೇ ಅಂದ್ರೆ ಪರಿಹಾರ ಇಲ್ಲ, ಕೈ ಆಪರೇಷನ್ನೂ ಇಲ್ಲ. ಪಾಸಾದ ದಿನಾನೇ ಅದನ್ನ ವಾಪಸ್ ತಗೊಂಡೆ ಅಂತ ನೀವೊಂದು ಕಾಗದ ಬರ್ಕೊಡ್ತೀರಾ?"

ಸಾಹುಕಾರರು ನಕ್ಕರು. "ಬರೀಲಿ ಬಿಡು. ಮೊದ್ಲು ಮುಚ್ಚೋದು ಇವಳ ಅಂಗಡೀನೇ!"

ನಾನು ಎದ್ದೆ. ಕಾಗದದಲ್ಲಿ ಅದರ ನಂಬರ್ ಬರೆಯಬೇಕಲ್ಲ ಎಂದು ಗೋಡೆಯಿಂದ ಸಿಲಿಂಡರ್ ಇಳಿಸಿದೆ.

ಐವತ್ತೆಂಟನೇ ವಯಸ್ಸಿಗೆ ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತವಳು ನಾನು. ಬಸ್ಸಿನ ಬೋರ್ಡು, ಮಾತ್ರೆಯ ಚೀಟಿ, ಕಂಡಕಂಡವರ ನೋಟೀಸು... ಎಲ್ಲ ಓದಿದ್ದೆ. ನನ್ನದೇ ಅಂಗಡಿಯ ಸಿಲಿಂಡರ್ ಮೇಲಿನ ಚೀಟಿ ಮಾತ್ರ ಓದಿರಲಿಲ್ಲ.

"ವರ್ಷಕ್ಕೊಮ್ಮೆ ತುಂಬಿಸಬೇಕು" ಎಂದಿತ್ತು. ಕೊನೆಯ ಸಲ ತುಂಬಿಸಿದ್ದು ಒಂಬತ್ತು ವರ್ಷದ ಹಿಂದೆ.

ಪಿನ್ ಕಿತ್ತು ಹಿಡಿಕೆ ಒತ್ತಿದೆ. ಗಾಳಿಯೂ ಬರಲಿಲ್ಲ... ಪೈಪಿನ ಬಾಯಿಂದ ಹಲ್ಲಿಯ ಮೊಟ್ಟೆಯ ಸಿಪ್ಪೆ ಉದುರಿತು.

"ಒತ್ತಿ ನೋಡೋರು ಯಾರು? ತಪಾಸಣೆ ಸಾಹೇಬ್ರು ನೋಡೋದು ಬಣ್ಣ ಅಷ್ಟೇ," ಅಂದರು ಸಾಹುಕಾರರು.

ಹೇಸಿಗೆಯಾಯಿತು. ಅವರನ್ನು ನೋಡಿ ಮಾತ್ರ ಅಲ್ಲ... ನನ್ನ ಕೈಗಳನ್ನು ನೋಡಿ.

ಮೌಲಾಲಿ ಆ ಸಿಪ್ಪೆಯನ್ನೇ ನೋಡುತ್ತ ನಿಂತಿದ್ದ. "ಅಮ್ಮಾ... ಹಾಗಾದ್ರೆ ಇದು ಗಾಡೀಲೇ ಇದ್ದಿದ್ರೂ ಆರ್ತಿರ್ಲಿಲ್ವಾ?"

"ಇಲ್ಲಪ್ಪ."

ಅವನು ಅಲ್ಲೇ ಕುಸಿದು ಕೂತ. ಬಿಕ್ಕಿಬಿಕ್ಕಿ ಅತ್ತ...

"ಮೂರು ತಿಂಗಳಿಂದ ನನಗೆ ನಿದ್ದೆ ಇಲ್ಲಮ್ಮ. ಅವತ್ತು ನಾನು ಇನ್ನೂ ಸ್ವಲ್ಪ ಗಟ್ಟಿಯಾಗಿ ಕೇಳ್ಬೇಕಿತ್ತು, ನಂದೇ ತಪ್ಪು, ನಂದೇ ತಪ್ಪು ಅಂತ..."

ನಕ್ಕವರು ನಾವು. ಬಿಚ್ಚಿಕೊಂಡವಳು ನಾನು. ತಪ್ಪು ಹೊತ್ತುಕೊಂಡು ತಿರುಗಿದವನು ಮಾತ್ರ, ಕೈ ಸುಟ್ಟುಕೊಂಡ ಅವನೊಬ್ಬನೇ!

ಕಾಗದ ತಗೊಂಡು ಎರಡು ಮಾತು ಬರೆದೆ. ಸಿಲಿಂಡರನ್ನು ತಪಾಸಣೆ ಮುಗಿದ ಕೂಡಲೇ ನಾನೇ ಬಿಚ್ಚಿಕೊಂಡೆ. ಅದನ್ನು ಒಂಬತ್ತು ವರ್ಷದಿಂದ ತುಂಬಿಸಿಲ್ಲ, ಅದು ಖಾಲಿ. ಕೆಳಗೆ ಸಹಿ ಹಾಕಿದೆ.

ಆಮೇಲೆ ಬಿಳಿ ಪೇಂಟ್ ತಂದು ಎರಡೂ ಟೈರಿನ ಮೇಲೆ ದಪ್ಪಕ್ಕೆ "ಬಾಡಿಗೆ" ಅಂತ ಬರೆದೆ. ಸಿಲಿಂಡರ್ ಮೇಲೆ "ಖಾಲಿ" ಅಂತ ಬರೆದೆ.

"ಹುಚ್ಚು ಹಿಡೀತೇನೇ ಮುದುಕಿ? ಇನ್ನು ಇವನ್ನ ಯಾರು ತಗೋತಾರೆ?"

"ಯಾರೂ ತಗೋಬಾರ್ದು ಅಂತಾನೇ ಬರ್ದೆ."

ಸಾಹುಕಾರರು ಥೂ ಎಂದು ಉಗಿದು ಪಕ್ಕದ ಅಂಗಡಿಗೆ ಹೋದರು. ಅಲ್ಲೂ ಒಂದು ಕೆಂಪು ಸಿಲಿಂಡರ್ ಇದೆ. ಮಧ್ಯಾಹ್ನದೊಳಗೆ ಅವರ ಲಾರಿ ಪಾಸಾಯಿತು...

ಎಲ್ಲ ಸರಿಹೋಯಿತು ಎಂದು ಸುಳ್ಳು ಹೇಳಲಾರೆ.

ಮೌಲಾಲಿ ಕಾಗದ ತೆಗೆದುಕೊಳ್ಳಲು ಕೈ ಚಾಚಿದ. ಬೆರಳು ಮಡಚಲು ಬರಲಿಲ್ಲ.

ನಾನೇ ಅದನ್ನು ಅವನ ಅಂಗಿಯ ಜೇಬಿನಲ್ಲಿಟ್ಟು, ಗುಂಡಿ ಹಾಕಿದೆ. ಅವನ ಲಾರಿಯ ಸಿಲಿಂಡರ್ ಬಿಚ್ಚಿದ್ದ ಇದೇ ಕೈಯಿಂದ...

*

ಸಾಹೇಬರ ಕಣ್ಣಿಗೆ ಬಣ್ಣ ಸಾಕು... ಬೆಂಕಿಗೆ ಸಾಲದು.

*

ನಿಮ್ಮ ಅಂಗಡಿಯಲ್ಲಿ, ಮಕ್ಕಳ ಶಾಲೆಯಲ್ಲಿ, ದಿನಾ ಹತ್ತುವ ಬಸ್ಸಿನಲ್ಲಿ ಒಂದು ಕೆಂಪು ಸಿಲಿಂಡರ್ ತೂಗುಹಾಕಿರುತ್ತದಲ್ಲ... ಅದರ ಮೇಲಿನ ಚೀಟಿಯನ್ನು ನೀವು ಒಮ್ಮೆಯಾದರೂ ಓದಿದ್ದೀರಾ?