ಔರಾದ ಓಗೊಡುತ್ತಿಲ್ಲ

ಔರಾದ ಮತ್ತೆ ಓಗೊಡಲಿಲ್ಲ. ಭಾಲ್ಕಿಯ ಕಚೇರಿಯಲ್ಲಿ ಮುಕ್ತಾಳ ಪರದೆ ಕೆಂಪಾಯಿತು. ಎರಡು ಕೆಂಪು ಸಾಲು, ಒಂದು ಹಸಿರು. ಮತ್ತೆ ಎರಡು ಕೆಂಪು, ಒಂದು ಹಸಿರು. ಇವತ್ತೂ ಬೆಳಗಿನಿಂದ ಇದೇ ಭಜನೆ.

ತೊಗರಿ ಖರೀದಿ ಕಂಪನಿಯ ಸರ್ವರುಗಳು ಊರೂರಿನಲ್ಲಿದ್ದರೂ ಒಂದೇ ಗುಂಪು. ಒಂದೊಂದನ್ನೇ ಕರೆದು, ಬದುಕಿದೆಯೇ ಎಂದು ವಿಚಾರಿಸುವ ಸಾಫ್ಟ್‌ವೇರ್ ಮುಕ್ತಾಳ ಸುಪರ್ದಿಯಲ್ಲಿತ್ತು. ಓಗೊಡದಿದ್ದರೆ ಅದು ‘ದೋಷ’ ಎಂದು ಬರೆದಿಡುತ್ತದೆ. ಔರಾದಿನ ದೋಷಗಳ ರಾಶಿಯಲ್ಲಿ ಹೋದ ವಾರ ಸಾಯಗಾಂವದ ನಿಜವಾದ ದೋಷ ಮುಚ್ಚಿಹೋಗಿತ್ತು. ಅಲ್ಲಿ ಖರೀದಿ ನಿಂತು, ತೊಗರಿ ತಂದವರು ದಿನವಿಡೀ ಬಿಸಿಲಲ್ಲಿ ನಿಂತಿದ್ದರು.

ಬೀದರಿನಿಂದ ಮ್ಯಾನೇಜರ್ ಅಬ್ದುಲ ಮಜೀದರ ಫೋನು ಬಂತು.

“ಸಂಜಿಕ ಇದು ಬಂದ್ ಆಗಬೇಕು. ಇಲ್ಲಾಂದ್ರ ಔರಾದಿನ ಆ ಸುಮಿತನ್ನ ಕೆಲಸದಿಂದ ತೆಗೀತೇನಿ. ಸರ್ವರ್ ನೋಡ್ಕೋ ಅಂದ್ರ ಎಲ್ಲೆರ ಚಾ ಕುಡಕೋತ ಕೂತಿರಬೇಕು.”

ಮುಕ್ತಾ ಸುಮಿತನಿಗೆ ಫೋನು ಹಚ್ಚಿದಳು. ಎತ್ತಲಿಲ್ಲ. ಮತ್ತೆ ಹಚ್ಚಿದಳು. ಎತ್ತಲಿಲ್ಲ. ಸಿಟ್ಟಿನಿಂದ ಇನ್ನೊಮ್ಮೆ ಒತ್ತಿದಾಗ ಧ್ವನಿ ಬಂತು: “ಹಾಂ ಅಕ್ಕಾರ, ಸರ್ವರ್ ಮುಂದೇ ಕೂತೀನ್ರಿ.”

ಮಜೀದರ ಮಾತೇ ನಿಜವಿರಬೇಕು. ಅವಳು ಔರಾದಿನ ಬಸ್ಸು ಹತ್ತಿದಳು.

ಬಾಗಿಲು ಬಡಿದು ಬಡಿದು ಕೈ ನೋಯುವ ಹೊತ್ತಿಗೆ ಸುಮಿತ ತೆಗೆದ. ಕಿಟಕಿಯಿಲ್ಲದ ಕೋಣೆ. ಚಹಾದ ಲೋಟ ಕಾಣಲಿಲ್ಲ. ಸರ್ವರಿನ ಹಣೆಗೆ ವಿಭೂತಿ, ಕೊರಳಿಗೆ ನಿಂಬೆಹಣ್ಣು.

“ಇದೇನೋ?”

“ದೃಷ್ಟಿ ಆಗಬಾರದಲ್ರಿ.”

ಧೂಳು ಹೊಡೆದಳು. ಕೇಬಲ್ ಬದಲಿಸಿದಳು. ತಂದಿದ್ದ ಲ್ಯಾಪ್‌ಟಾಪ್ ತೆರೆದು ನೋಡಿದಳು. ಎರಡು ಕೆಂಪು, ಒಂದು ಹಸಿರು.

“ಖರೇ ಹೇಳು ಸುಮಿತ. ಇದಕ್ಕ ಏನ್ ಮಾಡೀದಿ?”

“ಕೆಟ್ಟದ್ದೇನೂ ಮಾಡಿಲ್ರಿ ಅಕ್ಕಾರ. ನಮ್ಮ ಮನಿ ಮಗನ್ಹಂಗ ಬೆಳಸೀನಿ.” ಅವನ ಕಣ್ಣು ತುಂಬಿತ್ತು.

ಸಂಜೆಯಾಗುತ್ತ ಬಂತು. ಬೇರೆ ದಾರಿ ಕಾಣದೆ ಮುಕ್ತಾ ತನ್ನ ಸಾಫ್ಟ್‌ವೇರಿನ ನಿಯಮವನ್ನೇ ತಿದ್ದಿದಳು: ಮೂರು ಸಲ ಕರೆದರೂ ಓಗೊಡದಿದ್ದರೆ ಮಾತ್ರ ದೋಷವೆಂದು ಬರೆಯಬೇಕು.

ಪರದೆ ಹಸಿರಾಯಿತು. ಹಸಿರಾಗಿಯೇ ಉಳಿಯಿತು.

“ಶಾಬಾಶ್!” ಎಂದರು ಫೋನಿನಲ್ಲಿ ಮಜೀದರು. “ಸುಮಿತ ಕೆಲಸದಾಗ ಇರಲಿ ಬಿಡ್ರಿ.”

ಅವಳನ್ನು ಬಸ್ಸಿಗೆ ಬಿಟ್ಟು ಸುಮಿತ ಹೊರಟ. ಅವಳ ಚಾರ್ಜರು ಅವನ ಕೈಯಲ್ಲೇ ಉಳಿದಿತ್ತು.

“ಸುಮಿತ!”

ಅವನು ಗಕ್ಕನೆ ನಿಂತ. ತಿರುಗಲಿಲ್ಲ.

“ಸುಮಿತ!”

ಕಂಬದ ಹಾಗೆ ನಿಂತೇ ಇದ್ದ.

“ಏ ಸುಮಿತ!”

“ಓ! ಬಂದೆ ರಿ!”

“ಮೊದಲ ಕೇಳಿಸಲಿಲ್ಲೇನೋ?”

“ಕೇಳಿಸ್ತು ರಿ. ಮೊದಲ ಎರಡ ಸಲ ಕರಿಯೂದು ದೆವ್ವ ಇರತದಂತ. ಮೂರನೇದಕ್ಕೇ ಓ ಅನಬೇಕಂತ ನಮ್ಮ ಗಂಗುಬಾಯಿ ಆಯಿ ಕಲಿಸ್ಯಾಳ್ರಿ.”

“ಇನ್ನೂ ಹೊತ್ತು ಮುಳುಗಿಲ್ಲ, ಹಗಲ ಎಲ್ಲೀ ದೆವ್ವೋ?”

“ರೂಢಿ ಬಿದ್ದದ ರಿ. ಮತ್ತ ಕಿಟಕಿ ಇಲ್ಲದ ಖೋಲ್ಯಾಗ ಕೂತ ಸರ್ವರಿಗೆ ಹಗಲ್ಯಾವುದು, ರಾತ್ರಿ ಯಾವುದು ಹ್ಯಾಂಗ ತಿಳೀಬೇಕು? ಅದಕ್ಕೂ ಹಂಗೇ ಕಲಿಸಿಟ್ಟೀನ್ರಿ.”