ಕಾಲರಿನ ನೀಲಿ ಗಂಟು

‘ಈ ಶನಿವಾರವೂ ನಾನು ಅವಳ ಮುಖ ನೋಡಲಿಲ್ಲ.’

ದಿನಚರಿಯಲ್ಲಿ ಇಷ್ಟು ಬರೆದು ಲವಿನಿಯಾ ಪ್ರೆಂಟಿಸ್ ಲೇಖನಿ ಕೆಳಗಿಟ್ಟಳು. ಅವಳು ಎಂದರೆ ಕೆಜಾಯಾ. ವಾರಕ್ಕೊಮ್ಮೆ ಹಿತ್ತಿಲ ಬಾಗಿಲಿಗೆ ಗಂಜಿ ಹಾಕಿದ ಬಟ್ಟೆ ತರುವ ಕರಿಯ ಅಗಸಗಿತ್ತಿ. ಲವಿನಿಯಾ ಬುಟ್ಟಿ ತೆಗೆದುಕೊಳ್ಳುವಳು, ತಲೆ ತಗ್ಗಿಸಿಯೇ ಕದ ಮುಚ್ಚುವಳು. ಕಾಲೇಜು ಮುಗಿಸಿ ಊರ ಶಾಲೆಗೆ ಶಿಕ್ಷಕಿಯಾಗಿ ಮರಳಿ ಬಂದ ಈ ಎರಡು ವರ್ಷಗಳಲ್ಲಿ ಒಮ್ಮೆಯೂ ಅವಳನ್ನು ಒಳಗೆ ಕರೆದದ್ದಿಲ್ಲ.

“ಗುಲಾಮಗಿರಿ ತೊಲಗಲಿ ಅಂತ ಅರ್ಜಿಗೆಲ್ಲ ಸಹಿ ಹಾಕ್ತೀಯ. ಆ ಬಡಪಾಯಿಗೆ ಒಂದು ಲೋಟ ನೀರು ಕೊಡೋಕೆ ಮಾತ್ರ ಕೈ ಏಳಲ್ಲ, ಅಲ್ವೇನೇ?” ಎಂದು ಮನೆಯೊಡತಿ ಟ್ಯಾಬಿತಾ ಚುಚ್ಚುತ್ತಿದ್ದಳು. ಎದೆಯಲ್ಲಿದ್ದ ಮಾತು ಗಂಟಲಿಗೆ ಬರುವಷ್ಟರಲ್ಲಿ ತಣ್ಣಗಾಗುವ ಹುಡುಗಿ ಲವಿನಿಯಾ.

ಗುರುವಾರ ಕೆಜಾಯಾಳನ್ನು ಹಿಡಿದರು. ಇಸ್ತ್ರಿ ಮೇಜಿನ ಮುಂದಿನಿಂದಲೇ ಎಳೆದೊಯ್ದರು.

ನದಿಯ ಆಚೆ ದಡ ಕೆಂಟಕಿ. ಅಲ್ಲಿ ಮನುಷ್ಯರು ಆಸ್ತಿ. ಈಚೆ ದಡ ಒಹಾಯೋ, ಇಲ್ಲಿ ಅಲ್ಲ. ಆದರೆ ಓಡಿಬಂದವರನ್ನು ಈಚೆಯವರೇ ಹಿಡಿದು ಒಪ್ಪಿಸಬೇಕೆಂದು ಹೊಸ ಕಾನೂನು ಬಂದಿತ್ತು. ಬಂದ ವಾರವೇ ಕೆಜಾಯಾಳ ಓಣಿ ಇಡೀ ಕೆನಡಾದ ದಾರಿ ಹಿಡಿದಿತ್ತು. ನೀನ್ಯಾಕೆ ಹೋಗಲಿಲ್ಲವೆಂದು ಟ್ಯಾಬಿತಾ ಕೇಳಿದ್ದಕ್ಕೆ ಅವಳು ನಕ್ಕಿದ್ದಳು. “ನಾನು ಹೋದ್ರೆ ಮಿಸ್ಸಮ್ಮನ ಕಾಲರಿಗೆ ಗಂಜಿ ಯಾರು ಹಾಕ್ತಾರೆ ತಾಯಿ?”

ವಿಚಾರಣೆ ಅದೇ ದಿನ ಊರ ಸಭಾಮಂದಿರದಲ್ಲಿ. ಗುಲಾಮಗಿರಿ ಪಾಪವೋ ಅಲ್ಲವೋ ಎಂಬ ಜಗಳದಲ್ಲಿ ಊರ ಚರ್ಚು ಎರಡಾಗಿ ಎಂಟು ವರ್ಷವಾಗಿತ್ತು. ಎರಡೂ ಗುಂಪು ಒಂದೇ ಸೂರಿನಡಿ ಕೂತದ್ದು ಅಂದೇ. ನಡುವೆ ಒಂದು ಗಾಡಿ ಹೋಗುವಷ್ಟು ಜಾಗ ಬಿಟ್ಟು.

ಕೆಜಾಯಾಳ ಮಾತು ಸಾಕ್ಷ್ಯವಾಗುವಂತಿರಲಿಲ್ಲ. ಅದೂ ಕಾನೂನೇ. ಉಳಿದದ್ದು ಒಂದೇ ದಾರಿ. ಅದನ್ನು ಟ್ಯಾಬಿತಾ ಮೆಟ್ಟಿಲ ಮೇಲೇ ಲವಿನಿಯಾಳ ಕಿವಿಗೆ ಹಾಕಿದಳು. “ಅವಳು ಓಡಿಬಂದದ್ದು ಹದಿನಾರು ವರ್ಷದ ಹಿಂದೆ ಅಂತಾರೆ. ಹದಿನೇಳು ವರ್ಷದಿಂದ ನಮ್ಮ ಪಾದ್ರಿ ಮನೇಲೇ ಬಟ್ಟೆ ಒಗೀತಿದ್ಳು ಅಂತ ನೀನು ಹೇಳು, ಅವ್ರು ಹುಡುಕೋಳು ಇವಳಲ್ಲ ಅಂತಾಗುತ್ತೆ. ಆ ಮನೇಲಿ ಬೆಳೆದವಳು ನೀನೊಬ್ಬಳೇ ಉಳಿದಿರೋದು. ಒಂದು ವರ್ಷದ ಸುಳ್ಳು ಕಣೇ, ದೇವರು ಕ್ಷಮಿಸ್ತಾನೆ.”

ಬಾಗಿಲಲ್ಲಿ ಕೆಜಾಯಾಳ ಒಡೆಯ ಡ್ಯಾಬ್ನಿ ಹ್ಯಾಟು ತೆಗೆದು ದಾರಿ ಬಿಟ್ಟ. ಮೆದು ಮಾತಿನ ಮನುಷ್ಯ.

“ಹಾಗೆ ದಿಟ್ಟಿಸಿದ್ದಕ್ಕೆ ಕ್ಷಮಿಸಿ ಮಿಸ್. ನೀವು ಥೇಟ್ ನನ್ನ ತಂಗಿ ಥರಾನೇ ಇದ್ದೀರಿ. ಅದೇ ಗದ್ದ.”

ಲವಿನಿಯಾ ತಲೆ ತಗ್ಗಿಸಿದಳು.

ಅಧಿಕಾರಿಯ ಮುಂದೆ ಡ್ಯಾಬ್ನಿ ಗೊಂದಲವಿಲ್ಲದೆ ಹೇಳಿದ. ಈ ಹೆಂಗಸು ತನ್ನ ತಂದೆಯ ಮನೆಯ ಗುಲಾಮಳು. ಓಡಿಹೋದಾಗ ಆರು ವರ್ಷದ ಹೆಣ್ಣುಮಗು ಜೊತೆಗಿತ್ತು. “ತಾಯಿ ಯಾರ ಆಸ್ತಿಯೋ ಮಗುವೂ ಅವರದೇ. ಆ ಮಗು ಎಲ್ಲಿ ಕೆಜಾಯಾ?”

ಕೆಜಾಯಾ ನೆಲ ನೋಡುತ್ತ ಹೇಳಿದಳು. “ಹೋಯ್ತು ಯಜಮಾನ್ರೆ. ಬಂದ ವಾರಾನೇ ಜ್ವರ ಬಂತು. ಈ ಕೈಯಾರೆ ಮಣ್ಣು ಮಾಡ್ದೆ.”

ಟ್ಯಾಬಿತಾ ಬಿಕ್ಕಿದಳು. ಲವಿನಿಯಾಳ ಹೆಸರು ಕೂಗಿದರು.

ಅವಳು ಬೈಬಲಿನ ಮೇಲೆ ಕೈಯಿಟ್ಟಳು. ಅಧಿಕಾರಿ ಸಹಜವಾಗಿಯೇ ಕೇಳಿದ: “ನೀವು ಪಾದ್ರಿಯವರ ಸಾಕುಮಗಳು, ಅಲ್ವಾ? ಆ ಮನೆಗೆ ಬಂದದ್ದು ಯಾವಾಗ?”

ಲವಿನಿಯಾ ಬಾಯಿ ತೆರೆದಳು. ಅಷ್ಟು ದೂರದಲ್ಲಿ ಕೆಜಾಯಾಳ ತಲೆ ಒಂದು ಎಳೆಯಷ್ಟು ಅತ್ತಿತ್ತ ಆಡಿತು.

“ನನಗೆ... ಏನೂ ನೆನಪಿಲ್ಲ.”

“ಜೋರಾಗಿ ಹೇಳಿ.”

“ನೆನಪಿಲ್ಲ.”

“ಬರೀ ಶಾಯಿ!” ಹಿಂದಿನ ಬೆಂಚಿನಿಂದ ಕಮ್ಮಾರ ಜೋನಸ್ ಕೂಗಿದ. “ಇವಳ ಮೈಯಲ್ಲಿ ರಕ್ತಾನೇ ಇಲ್ಲ!”

ಆಜ್ಞೆಯಾಯಿತು. ದೋಣಿ ಕಾದಿತ್ತು.

ದಡದಲ್ಲೂ ಜನ ಎರಡಾಗಿಯೇ ನಿಂತರು. ಕೆಲವರ ಕೈಯಲ್ಲಿ ಬಂದೂಕು. “ಇವತ್ತು ಬರೀ ಬೈದು ಬಿಟ್ಟಿದೀವಿ. ಇನ್ನೊಂದು ಸಲ ಈ ದೋಣಿ ಬರಲಿ, ಗುಂಡೇ ಮಾತಾಡೋದು,” ಎಂದ ಜೋನಸ್.

“ಹಾರಿಸಪ್ಪಾ,” ಎಂದ ಮುದಿ ಅಂಬಿಗ. “ನನ್ನ ಮಗ ಆಚೆ ದಡದಲ್ಲಿ ಸಂಸಾರ ಹೂಡಿದಾನೆ. ಅವನಿಗೇ ತಾಗ್ಲಿ. ನಿನ್ನ ಜೊತೆ ಗೋಲಿ ಆಡಿ ಬೆಳೆದೋನು ತಾನೇ.”

ಜೋನಸ್ ಬಂದೂಕು ಕೆಳಗಿಳಿಸಿದ.

ಕೈಗೆ ಹಗ್ಗ ಬಿಗಿಸಿಕೊಂಡು ಬಂದ ಕೆಜಾಯಾ ಲವಿನಿಯಾಳ ಮುಂದೆ ನಿಂತಳು. “ಮಿಸ್ಸಮ್ಮ, ಕಾಲರ್ ಪೂರಾ ಒಣಗಿಲ್ಲ. ಹಂಗೇ ಹಾಕ್ಕೋಬೇಡಿ, ಕತ್ತಿಗೆ ಥಂಡಿ ಹತ್ತುತ್ತೆ.”

“ನಡಿ, ನಡಿ,” ಎಂದು ಹಗ್ಗ ಹಿಡಿದವನು ಅವಳನ್ನು ಎಳೆದ.

ಟ್ಯಾಬಿತಾ ಆ ಕಾಲರನ್ನು ಕೆಜಾಯಾಳ ಗುಡಿಸಲಿನಿಂದ ತಂದಿದ್ದಳು. ಅದನ್ನು ಲವಿನಿಯಾಳ ಎದೆಗೆ ಎಸೆದಳು. “ತಗೋ. ನಿನಗೆ ಅವಳಿಂದ ಬೇಕಾಗಿದ್ದು ಇಷ್ಟೇ ತಾನೇ?”

ಲವಿನಿಯಾ ಮಡಿಕೆ ಬಿಡಿಸಿದಳು. ಪ್ರತಿ ಶನಿವಾರ ಅಲ್ಲಿ, ಬೇರೆ ಯಾರಿಗೂ ಕಾಣದ ಕಡೆ, ಸಾಸಿವೆ ಗಾತ್ರದ ಒಂದು ನೀಲಿ ದಾರದ ಗಂಟು ಇರುತ್ತಿತ್ತು. ಕದ ಮುಚ್ಚಿದ ಮೇಲೆ ಅದನ್ನು ಮುಟ್ಟಿಯೇ ಅವಳು ದಿನಚರಿ ತೆರೆಯುತ್ತಿದ್ದಳು. ಇಂದು ಗಂಟು ಬಿದ್ದಿರಲಿಲ್ಲ. ಸೂಜಿ ಇನ್ನೂ ಬಟ್ಟೆಯಲ್ಲೇ ಇತ್ತು.

ಅವಳು ದಡ ಇಳಿದಳು. ಕೆಸರಿನಲ್ಲಿ ಒಂದು ಬೂಟು ಉಳಿಯಿತು, ತಿರುಗಿ ನೋಡಲಿಲ್ಲ. ಹಲಗೆಯ ಮೇಲೆ ಕಾಲಿಟ್ಟಿದ್ದ ಕೆಜಾಯಾ ಅವಳನ್ನು ಕಂಡು ಮತ್ತೆ ತಲೆಯಾಡಿಸಿದಳು; ಈ ಸಲ ಜೋರಾಗಿ, ಅಂಗಲಾಚುವಂತೆ. ಡ್ಯಾಬ್ನಿ ಮತ್ತೊಮ್ಮೆ ಹ್ಯಾಟು ಎತ್ತಿದ.

ಲವಿನಿಯಾ ಅವಳ ಮುಖವನ್ನೇ ನೋಡಿದಳು. ಎರಡೂ ಗುಂಪಿಗೆ ಕೇಳುವ ಹಾಗೆ ಕೂಗಿದಳು:

“ಅವ್ವಾ, ನಾನು ಸತ್ತಿಲ್ಲ!”