ತಗಣಿ ತಂದ ಅಪ್ಪ

ಚಿಮಣಿ ಎಣ್ಣೆಯ ವಾಸನೆ ಬಂದರೆ ಈಗಲೂ ಲಕ್ಷ್ಮೇಶ್ವರದ ನಮ್ಮ ಅಂಗಳ ನೆನಪಾಗುತ್ತದೆ. ಕನ್ನಡ ನಾಡು ಒಂದಾದ ಸಂಭ್ರಮ ನೋಡಲು ಹೋಗಿ ಗದಗಿನ ಲಾಡ್ಜಿನಲ್ಲಿ ಮಲಗಿದ್ದ ಅಪ್ಪ, ಮೈತುಂಬ ಕೆಂಪು ಗಂದೆ ಹೊತ್ತು ಮರಳಿದ್ದರು.

"ತಗಣಿ ಕಡದಾವ! ಹೊಸ್ತಿಲ ದಾಟಬ್ಯಾಡೋ, ಅಲ್ಲೇ ಅಂಗಿ ಕಳಿ," ಎಂದು ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. ತಿಗಣೆ ಸಾಯಲೆಂದು ಅಪ್ಪನ ಟ್ರಂಕಿನ ಸಂದಿಗೆಲ್ಲ ಚಿಮಣಿ ಎಣ್ಣೆ ಸುರಿದಳು. ಅಂಗಳದ ಒಲೆಯ ಮೇಲೆ ಹಂಡೆ ಕುದಿಯುತ್ತಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಹುಸೇನಸಾಬ ಕಾಕಾ ಓಡಿಬಂದು, "ನಮ್ಮ ನಾಡು ಒಂದಾತ್ರಿ, ಮಾಸ್ತರ!" ಎಂದು ಅಪ್ಪನನ್ನು ಗಟ್ಟಿಯಾಗಿ ತಬ್ಬಿಕೊಂಡರು.

"ಆತು, ಇನ್ನ ನೀವೂ ಅಂಗಿ ಕಳೀರಿ," ಎಂದಳು ಅಜ್ಜಿ.

ಕಾಕಾ ಬಿದ್ದು ಬಿದ್ದು ನಕ್ಕರು. ಇಡೀ ಶಾಲೆಯನ್ನು ನಡುಗಿಸುತ್ತಿದ್ದ ಅಪ್ಪನೂ ನಕ್ಕರು. ಅಪ್ಪ ಅಂಗಿಯ ಗುಂಡಿ ಬಿಚ್ಚುವುದರೊಳಗೆ ನಾನೂ ಓಡಿಹೋಗಿ ಅವರನ್ನು ತಬ್ಬಿಕೊಂಡೆ.

"ಹಂಡೇಕ ಇನ್ನೊಂದು ಕೊಡ ನೀರು ಹಾಕವಾ!" ಎಂದು ಅಜ್ಜಿ ಅವ್ವನಿಗೆ ಕೂಗಿದಳು.